ಪದದೊಳಗಿನ ಅಂಕಿ ಬಿಡಿಸುವ ಬಗೆ: ತತ್ವಪದ, ಮುಂಡಿಗೆ, ಬೆಡಗಿನ ವಚನ ಹಾಡುವವರಿಗೆ

ಭಜನೆ ಮುಗಿದ ಮೇಲೆ "ಆ ಆರು ಮಂದಿ ಅಂದರೆ ಯಾರು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. "ಅರಿಷಡ್ವರ್ಗ" ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಆ ಆರು ಮಂದಿ ಕಳ್ಳರಾಗಿದ್ದರೆ ಉತ್ತರ ಸರಿ. ಪದದಲ್ಲಿರುವುದು ಆರು ಮೆಟ್ಟಿಲಾಗಿದ್ದರೆ? ಕಾಮಕ್ರೋಧಗಳನ್ನು ಮೆಟ್ಟಿಲು ಮಾಡಿಕೊಂಡು ಯಾರೂ ಮೇಲೆ ಹತ್ತುವುದಿಲ್ಲ. ಅಲ್ಲಿ ಅದೇ ಉತ್ತರ ಕೊಟ್ಟರೆ ಪದದ ಅರ್ಥವೇ ತಲೆಕೆಳಗಾಗುತ್ತದೆ.

ತತ್ವಪದ, ದಾಸರ ಒಗಟಿನಂಥ ಮುಂಡಿಗೆ, ಒಳಾರ್ಥ ಮುಚ್ಚಿಟ್ಟ ಬೆಡಗಿನ ವಚನ ಇಂಥ ಪದಗಳಲ್ಲಿ ಬರುವ ಅಂಕಿಗೆ ತನ್ನದೇ ಆದ ಒಂದು ಖಾಯಂ ಅರ್ಥ ಇರುವುದಿಲ್ಲ. ಅದರ ಪಕ್ಕದ ನಾಮಪದ, ಆ ಸಾಲಿನ ಕ್ರಿಯಾಪದ, ಪದದ ಕೊನೆಯ ಅಂಕಿತ (ಪದಕಾರ ತನ್ನ ಗುರುತಾಗಿ ಇಡುವ ದೈವದ ಹೆಸರು) ಈ ಮೂರೂ ಸೇರಿ ಅರ್ಥ ಕೊಡುತ್ತವೆ. "ಐದು ಎಂದರೆ ಇಂದ್ರಿಯ, ಒಂಬತ್ತು ಎಂದರೆ ದ್ವಾರ" ಎಂದು ಪಟ್ಟಿ ಬಾಯಿಪಾಠ ಮಾಡಿಕೊಂಡವರು ಎಡವುವುದು ಇಲ್ಲೇ.

ಕೆಲಸ ಶುರುಮಾಡುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆದುಕೊಳ್ಳಿ: ಅಂಕಿ, ಅದಕ್ಕೆ ಅಂಟಿದ ನಾಮಪದ, ಕ್ರಿಯಾಪದ, ಅರ್ಥ. ನಾಲ್ಕನೆಯದನ್ನು ಖಾಲಿ ಬಿಡಿ. ಇಡೀ ಪದದ ಅಂಕಿಗಳೆಲ್ಲ ಮೊದಲ ಮೂರು ಅಂಕಣಗಳಲ್ಲಿ ಬಂದು ಕೂರುವ ತನಕ ಅರ್ಥ ಬರೆಯಬೇಡಿ. ಮೊದಲ ಅಂಕಿಗೆ ಆತುರದಲ್ಲಿ ಅರ್ಥ ಕೊಟ್ಟರೆ ಉಳಿದವನ್ನು ಅದಕ್ಕೆ ಹೊಂದಿಸಲು ಎಳೆದಾಡಬೇಕಾಗುತ್ತದೆ.

ಅಂಕಿತವನ್ನು ಮೊದಲು ನೋಡಿ

ಪದ ಓದುವುದು ಮೇಲಿನಿಂದ ಕೆಳಗೆ. ಅಂಕಿ ಬಿಡಿಸುವಾಗ ಮಾತ್ರ ಕೊನೆಯ ಸಾಲಿನಿಂದ ಶುರುಮಾಡಿ. ಅಂಕಿತ ಗುಹೇಶ್ವರನೋ, ಕಾಗಿನೆಲೆ ಆದಿಕೇಶವನೋ, ಪುರಂದರವಿಠಲನೋ, ಶಿಶುನಾಳಧೀಶನೋ ಎಂಬುದು ತಿಳಿದರೆ ಯಾವ ಮತದ ಎಣಿಕೆ ಎಂಬುದು ತಿಳಿಯುತ್ತದೆ.

ಇಪ್ಪತ್ತನಾಲ್ಕು ಎಂಬ ಅಂಕಿಯನ್ನೇ ತೆಗೆದುಕೊಳ್ಳಿ. ಜೈನರ ಹಾಡಿನಲ್ಲಿ ಅದು ತೀರ್ಥಂಕರರು. ದಾಸರ ಪದದಲ್ಲಿ ಕೇಶವನಿಂದ ಕೃಷ್ಣನವರೆಗಿನ ಇಪ್ಪತ್ತನಾಲ್ಕು ನಾಮಗಳು. ಸಾಂಖ್ಯ ದರ್ಶನದ ನೆರಳಿರುವ ಪದದಲ್ಲಿ ಪ್ರಕೃತಿಯ ಇಪ್ಪತ್ತನಾಲ್ಕು ತತ್ವಗಳು. ಈ ಕೊನೆಯ ಲೆಕ್ಕದಲ್ಲಿ ಪುರುಷ ಇಪ್ಪತ್ತೈದನೆಯವನು. ಹಾಗಾಗಿ ಪದದಲ್ಲಿ "ಇಪ್ಪತ್ತೈದನೆಯವ" ಎಂದು ಯಾರಾದರೂ ಬಂದರೆ ಅಲ್ಲಿಗೆ ಸಾಂಖ್ಯ ಎಂದು ಗಟ್ಟಿ ಮಾಡಿಕೊಳ್ಳಬಹುದು. ಅರವತ್ತುಮೂರಕ್ಕೂ ಹೀಗೆಯೇ ಎರಡು ಮನೆ. ಶೈವರಲ್ಲಿ ಅವರು ಅರವತ್ತುಮೂವರು ಪುರಾತನರು (ಹಿಂದಿನ ಶಿವಭಕ್ತರು), ಜೈನರಲ್ಲಿ ಅರವತ್ತುಮೂವರು ಶಲಾಕಾಪುರುಷರು (ಮಹಾಪುರುಷರು).

ಐದರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ವಚನದಲ್ಲಿ ಐದು ಎಂದರೆ ಇಂದ್ರಿಯವೂ ಆಗಬಹುದು, "ನಮಃ ಶಿವಾಯ" ಎಂಬ ಪಂಚಾಕ್ಷರಿಯೂ ಆಗಬಹುದು, ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಪಂಚಾಚಾರವೂ ಆಗಬಹುದು. ಮಾಧ್ವ ದಾಸರಲ್ಲಿ ಪಂಚಭೇದ ಬರುತ್ತದೆ: ಜೀವ-ಈಶ, ಜಡ-ಈಶ, ಜೀವ-ಜೀವ, ಜಡ-ಜೀವ, ಜಡ-ಜಡ. ಜೈನರಿಗೆ ಅರ್ಹಂತ, ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧು ಎಂಬ ಪಂಚಪರಮೇಷ್ಠಿಗಳು. ಮೊಹರಂ ಹಾಡುಗಳಲ್ಲಿ ಐದು ಎಂದರೆ ಪ್ರವಾದಿ ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್. ಅಲ್ಲಿಯೇ ಹತ್ತು ಬಂದರೆ ಮೊಹರಂ ತಿಂಗಳ ಹತ್ತನೆಯ ದಿನ, ಎಪ್ಪತ್ತೆರಡು ಬಂದರೆ ಕರ್ಬಲಾದಲ್ಲಿ ಮಡಿದವರು. ಶಿಶುನಾಳ ಶರೀಫರು (1819–1889) ಕಳಸದ ಗೋವಿಂದ ಭಟ್ಟರ ಶಿಷ್ಯರು. ತತ್ವಪದವನ್ನೂ ಕಟ್ಟಿದರು, ಮೊಹರಮ್ಮಿನಲ್ಲಿ ಹಾಡುವ ರಿವಾಯತ್ ಎಂಬ ಪದಗಳನ್ನೂ ಕಟ್ಟಿದರು. ಅಂಕಿತ ಒಂದೇ, ಎಣಿಕೆಯ ಮನೆ ಬೇರೆ ಬೇರೆ. ಅವರ ಪದ ಬಿಡಿಸುವಾಗ ಅದು ಯಾವ ಸಂದರ್ಭದ ಹಾಡು ಎಂಬುದನ್ನೂ ಕೇಳಿಕೊಳ್ಳಲೇಬೇಕು.

ಒಂದು ಪದವನ್ನು ಬಿಡಿಸಿ ನೋಡೋಣ

ಇದು ಅಭ್ಯಾಸಕ್ಕೆಂದೇ ತತ್ವಪದದ ಧಾಟಿಯಲ್ಲಿ ಕಟ್ಟಿಕೊಂಡ ನುಡಿ:

ಒಂಬತ್ತು ಬಾಗಿಲ ಮನಿಯೊಳಗ
ಐವರ ಜಗಳ ಹರಿಲಿಲ್ಲ
ಆರು ಮಂದಿ ಕಳ್ಳರು ಹೊಕ್ಕು
ಮೂರು ಕಂಬ ಉಳಿಲಿಲ್ಲ
ಹತ್ತನೆ ಬಾಗಿಲ ಹತ್ತಿ ನೋಡೊ
ಒಬ್ಬನ ಹೊರತು ಯಾರಿಲ್ಲ

ಅಂಕಣ ತುಂಬಿ. ಒಂಬತ್ತಕ್ಕೆ ಬಾಗಿಲು, ಐದಕ್ಕೆ ಜಗಳ, ಆರಕ್ಕೆ ಕಳ್ಳರು ಮತ್ತು ಹೊಕ್ಕು, ಮೂರಕ್ಕೆ ಕಂಬ ಮತ್ತು ಉಳಿಯದಿರುವುದು, ಹತ್ತಕ್ಕೆ ಬಾಗಿಲು ಮತ್ತು ಹತ್ತಿ ನೋಡುವುದು, ಒಂದಕ್ಕೆ ಇರುವುದು.

ಎಲ್ಲಕ್ಕಿಂತ ಗಟ್ಟಿಯಾದ ಅಂಕಿಯಿಂದ ಶುರುಮಾಡಿ. ಇಲ್ಲಿ ಅದು ಒಂಬತ್ತು. ಬಾಗಿಲ ಜೊತೆ ಬಂದ ಒಂಬತ್ತು ನವದ್ವಾರವೇ: ಕಣ್ಣು ಎರಡು, ಕಿವಿ ಎರಡು, ಮೂಗಿನ ಹೊಳ್ಳೆ ಎರಡು, ಬಾಯಿ ಒಂದು, ಮಲಮೂತ್ರದ್ದು ಎರಡು. ಅಂದರೆ ಮನೆ ಎಂದರೆ ದೇಹ. ಈಗ ಉಳಿದ ಅಂಕಿಗಳೆಲ್ಲ ದೇಹದ ಒಳಗೇ ಇರಬೇಕು. ಹೊರಗಿನ ಐದಕ್ಕೆ, ಉದಾಹರಣೆಗೆ ಪಾಂಡವರಿಗೆ, ಇಲ್ಲಿ ಜಾಗವಿಲ್ಲ.

ಐದು ಎನ್ನದೆ ಐವರು ಎಂದಿದೆ. ಇದು ಕನ್ನಡ ಕೊಡುವ ದೊಡ್ಡ ಸುಳಿವು. ನಾವು ಎರಡು ಹಸು ಎನ್ನುತ್ತೇವೆ, ಇಬ್ಬರು ಹೆಂಗಸರು ಎನ್ನುತ್ತೇವೆ. ಪದಕಾರ ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು ಎಂದರೆ ಆ ತತ್ವವನ್ನು ತಾನಾಗಿಯೇ ಕೆಲಸ ಮಾಡುವ ವ್ಯಕ್ತಿಯನ್ನಾಗಿ ಮಾಡಿದ್ದಾನೆ ಎಂದರ್ಥ. ಐದು ಎಂದಷ್ಟೇ ಇದ್ದರೆ ಅದು ಸಾಮಗ್ರಿಯಾಗಿರುವ ಸಾಧ್ಯತೆ ಹೆಚ್ಚು. ಪಂಚಭೂತ ಬಂದರೆ ಮಣ್ಣು, ಇಟ್ಟಿಗೆ, ಗೋಡೆಯಾಗಿ ಬರುತ್ತದೆ. ಪಂಚಪ್ರಾಣ ಬಂದರೆ ಗಾಳಿ, ಉಸಿರಿನ ಮಾತು ಹತ್ತಿರದಲ್ಲೇ ಇರುತ್ತದೆ. ಕಣ್ಣು ರೂಪದ ಕಡೆ, ಕಿವಿ ಶಬ್ದದ ಕಡೆ ಎಳೆಯುವುದೇ ಜಗಳ. ಆದ್ದರಿಂದ ಇಲ್ಲಿನ ಐವರು ಜ್ಞಾನೇಂದ್ರಿಯಗಳು.

ಆರು ಮಂದಿ ಕಳ್ಳರು ಹೊರಗಿನಿಂದ ಹೊಕ್ಕವರು, ಕದಿಯುವವರು. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂದು ಬರೆದುಕೊಳ್ಳಿ. ಆರಕ್ಕೆ ಆರುವರು ಎಂಬ ರೂಪ ಈಗ ಬಳಕೆಯಲ್ಲಿಲ್ಲ. ಅದಕ್ಕೇ ಮಂದಿ ಸೇರಿಸಿದೆ. ಕಳ್ಳರ ಬದಲು ಕಮಲ ಇದ್ದಿದ್ದರೆ ಷಟ್‌ಚಕ್ರ, ಮೆಟ್ಟಿಲು ಇದ್ದು ಶಿವಶರಣರ ಅಂಕಿತವಿದ್ದರೆ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲ.

ಮೂರು ಕಂಬದ ಹತ್ತಿರ ಎಲ್ಲರೂ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮೂರಕ್ಕೆ ಇರುವಷ್ಟು ಅರ್ಥ ಬೇರೆ ಯಾವ ಅಂಕಿಗೂ ಇಲ್ಲ. ಕ್ರಿಯಾಪದ ಕೈಹಿಡಿಯುವುದು ಇಲ್ಲೇ. ಸುಡುವ ಮೂರು ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ ಎಂಬ ತಾಪತ್ರಯ. ತೊಳೆಯಬೇಕಾದ ಮೂರು ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯ. ಹೆಣೆದ, ಬಿಗಿದ, ಕಟ್ಟಿದ ಮೂರು ತ್ರಿಗುಣ. ಗುಣ ಎಂದರೆ ಹಗ್ಗವೂ ಹೌದು. ಪೂಜೆಗೊಳ್ಳುವ ಮೂರು ಗುರು, ಲಿಂಗ, ಜಂಗಮ. ಎಚ್ಚರ, ಕನಸು, ನಿದ್ದೆಯ ಮಾತಿದ್ದರೆ ಅವಸ್ಥಾತ್ರಯ. ಇಲ್ಲಿರುವುದು ಮನೆಯನ್ನು ಎತ್ತಿ ಹಿಡಿದ ಕಂಬ. ಸುಶ್ರುತಸಂಹಿತೆ ಶರೀರವನ್ನು ತ್ರಿಸ್ಥೂಣ, ಅಂದರೆ ಮೂರು ಕಂಬದ ಮನೆ ಎಂದೇ ಕರೆಯುತ್ತದೆ. ಆ ಕಂಬಗಳು ವಾತ, ಪಿತ್ತ, ಕಫ. ಆದ್ದರಿಂದ ಇಲ್ಲಿ ತ್ರಿದೋಷ ಎನ್ನುವುದೇ ಸರಿ.

ಹತ್ತನೆಯ ಬಾಗಿಲು ನೆತ್ತಿಯ ಬ್ರಹ್ಮರಂಧ್ರ. ಒಂಬತ್ತು ಬಾಗಿಲಿನ ಮಾತು ಮುಗಿದ ಮೇಲೆ ಹತ್ತನೆಯದು ಬಂದರೆ ಬೇರೆ ಅರ್ಥ ಹುಡುಕಬೇಕಾಗಿಲ್ಲ. ಒಬ್ಬ ಯಾರು ಎಂಬುದನ್ನು ಮತ್ತೆ ಅಂಕಿತವೇ ಹೇಳಬೇಕು. ಅದ್ವೈತಿಗೆ ಅವನು ಆತ್ಮ, ಶರಣರಿಗೆ ಲಿಂಗ, ದಾಸರಿಗೆ ಹೃದಯದಲ್ಲಿರುವ ಬಿಂಬರೂಪಿ ಹರಿ. ಮಾಧ್ವರ ಪದಕ್ಕೆ ಅದ್ವೈತದ "ಒಂದು" ಹಚ್ಚಿದರೆ ಪದಕಾರನ ಮತಕ್ಕೇ ವಿರುದ್ಧವಾದ ಅರ್ಥ ಹೇಳಿದಂತಾಗುತ್ತದೆ.

ಎಂಟಕ್ಕೂ ಇದೇ ಕ್ರಮ. ಆನೆಯ ಜೊತೆ ಎಂಟು ಬಂದರೆ ಕ್ರಿಯಾಪದ ನೋಡಿ. ಭೂಮಿ ಹೊತ್ತು ನಿಂತಿದ್ದರೆ ದಿಗ್ಗಜ. ಕಟ್ಟಬೇಕು, ಪಳಗಿಸಬೇಕು ಎಂದಿದ್ದರೆ ಅಷ್ಟಮದ: ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪ. ಮದವೇರುವುದು ಆನೆಗಾದ್ದರಿಂದ ಆ ರೂಪಕ. ಮೈಗೆ ಕವಚದ ಹಾಗೆ ತೊಟ್ಟ ಎಂಟಾದರೆ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣ.

ಅಂಕಿಯಂತೆ ಕಾಣದ ಅಂಕಿ, ಅಂಕಿಯೇ ಅಲ್ಲದ ಅಂಕಿ

ಹಳೆಯ ಪದಗಳಲ್ಲಿ ಎಷ್ಟೋ ಅಂಕಿಗಳು ಸಮಾಸದೊಳಗೆ ಅಡಗಿರುತ್ತವೆ. ಇಕ್ಕೆಲ, ಇಮ್ಮಡಿ, ಮುಕ್ಕಣ್ಣ, ನಾಲ್ಮೊಗ, ಆರಡಿ (ಆರು ಕಾಲಿನ ದುಂಬಿ), ಎಣ್ದೆಸೆ ಎಲ್ಲದರಲ್ಲೂ ಎಣಿಕೆ ಇದೆ. ಮುಪ್ಪುರ ಎಂದರೆ ತ್ರಿಪುರ. ವಚನಗಳಲ್ಲಿ ಅದು ಸ್ಥೂಲ, ಸೂಕ್ಷ್ಮ, ಕಾರಣ ಎಂಬ ಮೂರು ತನುಗಳಾಗುತ್ತದೆ. ಮುಪ್ಪು ಎಂಬುದು ಮಾತ್ರ ವಯಸ್ಸಾದದ್ದು, ಅದರಲ್ಲಿ ಮೂರು ಹುಡುಕಬೇಡಿ.

ಈರೇಳು ಲೋಕ ಎಂದರೆ ಎರಡು ಏಳು, ಹದಿನಾಲ್ಕು. ಈರಾರು ಹನ್ನೆರಡು, ಈರೈದು ಹತ್ತು, ಈರೆಂಟು ಹದಿನಾರು. ಹೊಸಬರು ಈರೇಳನ್ನು ಇಪ್ಪತ್ತೇಳು ಎಂದು ಹೇಳಿಬಿಡುವುದುಂಟು. ಇನ್ನು ಐದಾರು, ಏಳೆಂಟು ಮಾತಿನಲ್ಲಿ "ಕೆಲವು" ಎಂಬ ಅರ್ಥ ಕೊಡುತ್ತವೆ. ತತ್ವಪದದಲ್ಲಿ ಅವು ಎರಡು ಬೇರೆ ಗುಂಪುಗಳಾಗಿರಬಹುದು, ಐದು ಇಂದ್ರಿಯ ಮತ್ತು ಆರು ವೈರಿ. ಮುಂದಿನ ಸಾಲಿನಲ್ಲಿ ಎರಡೂ ಗುಂಪಿಗೆ ಬೇರೆ ಬೇರೆ ಕೆಲಸ ಇದೆಯೇ ಎಂದು ನೋಡಿದರೆ ತಿಳಿಯುತ್ತದೆ.

ಪದಕಾರರಿಗೆ ಬಹಳ ಪ್ರಿಯವಾದದ್ದು ಕ್ರಿಯಾಪದವೂ ಆಗುವ ಅಂಕಿಗಳು. ಒಂದು ಎಂದರೆ ಕೂಡಿಕೊಳ್ಳು ಎಂದೂ ಆಗುತ್ತದೆ. ಐದು ಎಂದರೆ ನಡುಗನ್ನಡದಲ್ಲಿ ಹೋಗು, ಸೇರು; "ಐದಿದನು" ಎಂಬ ರೂಪ ನೋಡಿರುತ್ತೀರಿ. ಆರು ಎಂದರೆ ನಂದು, ಒಣಗು. ಏಳು ಎಂದರೆ ಎದ್ದೇಳು. ಹತ್ತು ಎಂದರೆ ಮೇಲೇರು, ಅಂಟು, ಬೆಂಕಿ ತಾಗು. ಮೇಲಿನ ಅಭ್ಯಾಸದ ನುಡಿಯಲ್ಲಿ ಹತ್ತನೆಯ ಬಾಗಿಲನ್ನು ಹತ್ತಿ ನೋಡು ಎಂದದ್ದು ಇದೇ ಆಟ. ಇಂಥ ಕಡೆ ಎರಡು ಅರ್ಥವನ್ನೂ ಬರೆದಿಟ್ಟುಕೊಳ್ಳಿ, ಒಂದನ್ನು ಅಳಿಸಬೇಡಿ. ಹಾಡುವಾಗ ಆ ಎರಡು ಪದಗಳ ನಡುವೆ ಉಸಿರು ತೆಗೆಯದೆ ಒಟ್ಟಿಗೆ ಹಾಡಿದರೆ ಕೇಳುವವರಿಗೆ ಆಟ ತಾನಾಗಿ ತಿಳಿಯುತ್ತದೆ; ನಡುವೆ ತಾಳ ಹಾಕಿ ಮುರಿದರೆ ಕಳೆದುಹೋಗುತ್ತದೆ.

ಗುಣಿಸಿ ನೋಡಿ

ದೊಡ್ಡ ಅಂಕಿಗಳನ್ನು ಒಪ್ಪುವ ಮೊದಲು ಕೂಡಿಸಿ, ಗುಣಿಸಿ ನೋಡುವುದು ಒಳ್ಳೆಯದು. ಲೆಕ್ಕ ಕೂಡಿದರೆ ಅರ್ಥವೂ ಕೂಡಿಕೊಳ್ಳುತ್ತದೆ.

ಇಪ್ಪತ್ತೊಂದು ಸಾವಿರದ ಆರುನೂರು ಎಂಬ ಅಂಕಿ ದಾಸರಲ್ಲೂ ಯೋಗದ ಪದಗಳಲ್ಲೂ ಬರುತ್ತದೆ. ಅದು ಒಂದು ಹಗಲು ರಾತ್ರಿಯ ಉಸಿರು, ಅಂದರೆ ಉಸಿರಾಟದೊಂದಿಗೆ ತಾನಾಗಿಯೇ ನಡೆಯುವ ಹಂಸಜಪ. ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ, ವಿಘಳಿಗೆಗೆ 6 ಉಸಿರು: 60 × 60 × 6 = 21,600. ನಿಮಿಷಕ್ಕೆ 15 ಉಸಿರಿನ ಲೆಕ್ಕ ಇದು.

ತಾವರೆಯ ಎಸಳುಗಳು ಬಂದರೆ ಚಕ್ರಗಳ ಕ್ರಮ ಹಿಡಿಯಿರಿ. ಮೂಲಾಧಾರ 4, ಸ್ವಾಧಿಷ್ಠಾನ 6, ಮಣಿಪೂರ 10, ಅನಾಹತ 12, ವಿಶುದ್ಧ 16, ಆಜ್ಞಾ 2. ಒಟ್ಟು 50, ವರ್ಣಮಾಲೆಯ ಮಾತೃಕಾಕ್ಷರಗಳೂ ಅಷ್ಟೇ. ಮೇಲಿನ ಸಹಸ್ರಾರದ ಸಾವಿರ ಎಸಳು ಈ ಲೆಕ್ಕಕ್ಕೆ ಸೇರದು. ಪದದಲ್ಲಿ ಹತ್ತೆಸಳು ಹನ್ನೆರಡೆಸಳಿನ ನಂತರ ಬಂದರೆ ಹಾಡಿಕೆಯಲ್ಲಿ ಸಾಲು ಅದಲುಬದಲಾಗಿದೆ ಎಂದು ಅನುಮಾನಿಸಬಹುದು. ಪದಕಾರ ಮೇಲಿನಿಂದ ಕೆಳಗಿಳಿಯುತ್ತಿದ್ದರೆ ಮಾತ್ರ ಆ ಕ್ರಮ ಸರಿ, ಆಗ ಆರು ಅಂಕಿಯೂ ಹಿಮ್ಮುಖವಾಗಿರಬೇಕು.

ಷಟ್‌ಸ್ಥಲದ ಎಣಿಕೆ ಹೀಗೆ ಬೆಳೆಯುತ್ತದೆ. ಒಂದು ಲಿಂಗ ಇಷ್ಟ, ಪ್ರಾಣ, ಭಾವ ಎಂದು ಮೂರಾಗುತ್ತದೆ. ಇಷ್ಟಲಿಂಗದಿಂದ ಆಚಾರಲಿಂಗ, ಗುರುಲಿಂಗ. ಪ್ರಾಣಲಿಂಗದಿಂದ ಶಿವಲಿಂಗ, ಜಂಗಮಲಿಂಗ. ಭಾವಲಿಂಗದಿಂದ ಪ್ರಸಾದಲಿಂಗ, ಮಹಾಲಿಂಗ. ಹೀಗೆ ಆರು. ಆರಾರಲೆ ಮೂವತ್ತಾರು, ಅದರ ಆರರಷ್ಟು ಇನ್ನೂರ ಹದಿನಾರು. ಮೂವತ್ತಾರಕ್ಕೆ ಶೈವಾಗಮದ ಮೂವತ್ತಾರು ತತ್ವಗಳೆಂಬ ಇನ್ನೊಂದು ಅರ್ಥವೂ ಇದೆ. ಪಕ್ಕದಲ್ಲಿ ಆರು, ಇನ್ನೂರ ಹದಿನಾರು ಇದ್ದರೆ ಲಿಂಗದ ಲೆಕ್ಕ. ಐದು, ಇಪ್ಪತ್ತೈದು ಇದ್ದರೆ ತತ್ವದ ಲೆಕ್ಕ.

ಎಂಬತ್ತನಾಲ್ಕು ಲಕ್ಷ ಯೋನಿಯನ್ನು ಬಿಡಿಸಿ ಹೇಳುವ ಪದಗಳಿವೆ. ಪುರಾಣದ ಒಂದು ಎಣಿಕೆಯಲ್ಲಿ ಜಲಚರ 9, ಸ್ಥಾವರ (ಗಿಡಮರ) 20, ಕ್ರಿಮಿ 11, ಪಕ್ಷಿ 10, ಪಶು 30, ಮನುಷ್ಯ 4 ಲಕ್ಷ.

ಅರ್ಥವಿಲ್ಲದ ಅಂಕಿಯನ್ನು ಹಾಗೇ ಬಿಡುವುದು

ಜನಪದ ಹಾಡಿನಲ್ಲಿ ಏಳು ಬಂದ ಕಡೆಯೆಲ್ಲ ಸಪ್ತಧಾತು ಹುಡುಕುವುದು ತಪ್ಪು. ಏಳು ಸಮುದ್ರದಾಚೆ ಎಂದರೆ ಬಹು ದೂರ. ಏಳೇಳು ಜನ್ಮ ಎಂದರೆ ಮುಗಿಯದಷ್ಟು. ಕಂಸಾಳೆಯವರು ಹಾಡುವ ಮಾದಪ್ಪನ ಎಪ್ಪತ್ತೇಳು ಮಲೆಯನ್ನು ನಕ್ಷೆ ಹಿಡಿದು ಎಣಿಸಲಾಗದು; ಅದು ಕಣ್ಣು ಹಾಯುವಷ್ಟು ಬೆಟ್ಟಸಾಲು. ಅದೇ ಸವದತ್ತಿಯ ಏಳುಕೊಳ್ಳದ ಎಲ್ಲಮ್ಮ, ಚಿತ್ರದುರ್ಗದ ಏಳುಸುತ್ತಿನ ಕೋಟೆ ಎಂಬಲ್ಲಿ ಏಳು ಒಂದು ಸ್ಥಳದ ಗುರುತು. ಲಾವಣಿಯಲ್ಲಿ ಏಳುಸುತ್ತಿನ ಕೋಟೆ ಬಂದರೆ ಅದು ಕಲ್ಲಿನ ಕೋಟೆಯೇ. ತತ್ವಪದದಲ್ಲಿ ಬಂದು, ಒಳಗೆ ಕೂತ ಅರಸನ ಮಾತೂ ಇದ್ದರೆ ಮಾತ್ರ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳರ ದೇಹ.

ಪ್ರಾಸಕ್ಕಾಗಿ ಬಂದ ಅಂಕಿಯನ್ನು ಗುರುತಿಸಲು ಛಂದಸ್ಸಿನ ಒಂದು ಪರೀಕ್ಷೆ ಇದೆ. ಒಂದು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಹತ್ತು ಇವೆಲ್ಲ ಒಂದು ಗುರು ಒಂದು ಲಘು, ಮೂರು ಮಾತ್ರೆ. ಎರಡು ಎಂಬುದು ಮೂರು ಲಘು, ಅದೂ ಮೂರೇ ಮಾತ್ರೆ. ಆದ್ದರಿಂದ ಇವುಗಳಲ್ಲಿ ಯಾವುದನ್ನು ತೆಗೆದು ಯಾವುದನ್ನು ಇಟ್ಟರೂ ಲಯ ಕೆಡುವುದಿಲ್ಲ, ಪ್ರಾಸಕ್ಕೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಊರು, ಬೇರು, ತೇರಿನ ನಡುವೆ ಬಂದ ಆರು, ಸುತ್ತು ಮುತ್ತಿನ ನಡುವೆ ಬಂದ ಹತ್ತು ಬರೀ ಪ್ರಾಸಕ್ಕೆ ಬಂದಿರಬಹುದು. ಒಂಬತ್ತು ಮಾತ್ರ ಎರಡು ಗುರು ಒಂದು ಲಘು, ಐದು ಮಾತ್ರೆ. ಲಯಕ್ಕೆ ತೊಡಕಾದರೂ ಪದಕಾರ ಅದನ್ನು ತಂದಿದ್ದಾನೆಂದರೆ ಬೇಕೆಂದೇ ತಂದಿದ್ದಾನೆ ಎಂದು ನಾವು ಎಣಿಸುತ್ತೇವೆ.

ಹೀಗೆ ನೋಡಿ: ಆ ಅಂಕಿಯ ಜಾಗದಲ್ಲಿ ಬೇರೆ ಅಂಕಿ ಇಟ್ಟು ನುಡಿಯನ್ನು ಪೂರ್ತಿ ಓದಿ. ಅರ್ಥಕ್ಕೆ ಏನೂ ಆಗದಿದ್ದರೆ, ಅದೇ ಅಂಕಿ ಪದದಲ್ಲಿ ಮತ್ತೆಲ್ಲೂ ಬರದಿದ್ದರೆ, ನಾಲ್ಕನೆಯ ಅಂಕಣದಲ್ಲಿ "ಪ್ರಾಸ" ಎಂದು ಬರೆದು ಮುಂದೆ ಹೋಗಿ.

ಪಾಠಾಂತರ

ಬಾಯಿಂದ ಬಾಯಿಗೆ ಬಂದ ಪದಗಳಲ್ಲಿ ಬೇಗ ಬದಲಾಗುವುದು ಅಂಕಿಯೇ, ಕಾರಣ ಮೇಲೆ ಹೇಳಿದ ಸಮಮಾತ್ರೆ. ಒಂದೇ ಪದವನ್ನು ಕನಿಷ್ಠ ಇಬ್ಬರು ಹಾಡುಗಾರರಿಂದ, ಸಾಧ್ಯವಾದರೆ ಬೇರೆ ಬೇರೆ ಊರಿನವರಿಂದ ಕೇಳಿ. ಒಬ್ಬರು ಏಳು, ಇನ್ನೊಬ್ಬರು ಎಂಟು ಎಂದರೆ ಎರಡನ್ನೂ ಬರೆದಿಟ್ಟು, ಪದದ ಉಳಿದ ಎಣಿಕೆಗೆ ಯಾವುದು ಹೊಂದುತ್ತದೆ ಎಂದು ನೋಡಿ. ಹಾಡುವವರ ಬಾಯಿಂದ ಅಂಕಿ ತಿದ್ದಿಸಲು ಹೋಗಬೇಡಿ; ಅವರ ಪರಂಪರೆಯಲ್ಲಿ ಆ ಅಂಕಿಗೆ ಬೇರೆ ವಿವರಣೆ ಇರಬಹುದು, ಅದನ್ನು ಕೇಳಿ ಬರೆದುಕೊಳ್ಳಿ. ಹಳೆಯ ಕೈಬರಹದ ಪುಸ್ತಕಗಳಲ್ಲಿ ಕನ್ನಡದ ೬ ಮತ್ತು ೯ ಒಂದರಂತೆ ಒಂದು ಕಾಣುತ್ತವೆ. ಅದೇ ಬರಹಗಾರ ಪುಟಸಂಖ್ಯೆಯಲ್ಲಿ ಅವನ್ನು ಹೇಗೆ ಬರೆದಿದ್ದಾನೆ ಎಂದು ಹೋಲಿಸಿದರೆ ಸಂದೇಹ ತೀರುತ್ತದೆ.

ಕೊನೆಯ ನುಡಿಯಲ್ಲಿ ಕಾಲ ಹೇಳಿದ್ದರೆ

ಕೆಲವು ದೀರ್ಘ ಕೃತಿಗಳು ತಾವು ಮುಗಿದ ವರ್ಷವನ್ನು ವಸ್ತುಗಳ ಹೆಸರಿನಲ್ಲಿ ಹೇಳುತ್ತವೆ. ಚಂದ್ರ 1, ನೇತ್ರ 2, ಅಗ್ನಿ 3, ವೇದ 4, ಬಾಣ 5, ಋತು 6, ಮುನಿ 7, ಗಜ 8, ನಿಧಿ 9, ಆಕಾಶ 0. ಓದುವುದು ಬಲದಿಂದ ಎಡಕ್ಕೆ. "ಬಾಣ ವೇದ ಮುನಿ ಚಂದ್ರ" ಎಂದಿದ್ದರೆ 5, 4, 7, 1. ತಿರುಗಿಸಿದರೆ ಶಕ 1745. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 1823. ತಿಂಗಳು ಮಾಘ ಅಥವಾ ಫಾಲ್ಗುಣವಾಗಿದ್ದರೆ ಜನವರಿ ಒಂದು ದಾಟಿರುತ್ತದೆ, ಆಗ 79 ಕೂಡಿಸಿ.

ರಸ, ಸಮುದ್ರ, ದಿಕ್ಕು ಬಂದರೆ ನಿಧಾನಿಸಿ. ರಸ ರುಚಿಯಾದರೆ 6, ಕಾವ್ಯದ್ದಾದರೆ 9. ಸಮುದ್ರ 4 ಅಥವಾ 7. ದಿಕ್ಕು 4, 8 ಅಥವಾ 10. ಇದನ್ನು ಬಗೆಹರಿಸಲು ಸಂವತ್ಸರದ ಹೆಸರು ಬೇಕು, ಸಾಮಾನ್ಯವಾಗಿ ಪಕ್ಕದಲ್ಲೇ ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ, 1987ರ ಯುಗಾದಿಗೆ ಪ್ರಭವ ಶುರುವಾಯಿತು. ಅಲ್ಲಿಂದ 60ರಂತೆ ಮೂರು ಸಲ ಹಿಂದೆ ಹೋದರೆ 1807 ಪ್ರಭವ. 1823 ಅದರಿಂದ ಹದಿನೇಳನೆಯದು, ಸ್ವಭಾನು. ನಿಮ್ಮ ಪ್ರತಿಯಲ್ಲಿ ಸ್ವಭಾನು ಎಂದೇ ಇದ್ದರೆ ವರ್ಷ ಸರಿ. ಒಂದು ವರ್ಷ ಹಿಂದೆ ಮುಂದೆ ಆದರೆ ಆ ಶಕವರ್ಷ ಮುಗಿದದ್ದೋ ನಡೆಯುತ್ತಿರುವುದೋ ಎಂದು ನೋಡಿ. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಯಾವುದೋ ಪದಕ್ಕೆ ತಪ್ಪು ಅಂಕಿ ಹಚ್ಚಿದ್ದೀರಿ. ರಸ, ಸಮುದ್ರ, ದಿಕ್ಕುಗಳಿಂದಲೇ ಮತ್ತೆ ಹುಡುಕಲು ಶುರುಮಾಡಿ.